ಹಳೆಯ ಉಡುಪಿನ ಒಳಮೈ

(ಮಡಿಕೇರಿಯಲ್ಲಿ ಛಾಯಾಗ್ರಹಣ ಮತ್ತು ವಸ್ತ್ರವಿನ್ಯಾಸ ಕಲಿಯುತ್ತಿರುವ ಯುವಜನರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಪರದೆಯ ಮೇಲಿರುವ ಈ ಚಿತ್ರದಿಂದ ಆರಂಭಿಸುತ್ತೇನೆ. 1955ರ ಆಗಸ್ಟ್ ತಿಂಗಳಲ್ಲಿ ಪ್ಯಾರಿಸ್ಸಿನ ಸರ್ಕಸ್ ಒಂದರಲ್ಲಿ ಅಮೆರಿಕದ ಛಾಯಾಗ್ರಾಹಕ ರಿಚರ್ಡ್ ಅವೆಡನ್ ಇದನ್ನು ತೆಗೆದರು. ಡೊವಿಮಾ ಎಂಬ ಹೆಸರಿನಿಂದ ಪ್ರಸಿದ್ಧರಾಗಿದ್ದ ರೂಪದರ್ಶಿ ಕಪ್ಪು ಬಣ್ಣದ ಸಂಜೆಯುಡುಪು ತೊಟ್ಟು ಆನೆಗಳ ನಡುವೆ ನಿಂತಿದ್ದಾರೆ. ಸೊಂಟದಿಂದ ಇಳಿದ ಅಗಲವಾದ ಬಿಳಿಯ ಪಟ್ಟಿಯೊಂದು ಆ ಕಪ್ಪನ್ನು ಸೀಳಿಕೊಂಡು ಕೆಳಗಿಳಿದಿದೆ. ದುಬಾರೆಯಲ್ಲೂ ಮತ್ತಿಗೋಡಿನಲ್ಲೂ ಆನೆಗಳನ್ನು ನೋಡಿಕೊಂಡೇ ಬೆಳೆದ ನಮ್ಮ ಕಣ್ಣು ಮೊದಲು ಅವುಗಳ ಕಾಲಿನ ಸರಪಳಿಯ ಕಡೆಗೆ, ಚರ್ಮದ ಸುಕ್ಕುಗಳ ಕಡೆಗೆ ಹೋಗುವುದು ಸಹಜ. ಈಗ ಆನೆಗಳನ್ನು ಬಿಟ್ಟು ಉಡುಪನ್ನು ಮಾತ್ರ ನೋಡಿ. ಅದು ಕ್ರಿಶ್ಚಿಯನ್ ಡಿಯೋರ್ ಸಂಸ್ಥೆಯದು. ಅದನ್ನು ರೂಪಿಸಿದವರು ಅಲ್ಲಿಗೆ ಆಗಷ್ಟೇ ಸಹಾಯಕರಾಗಿ ಸೇರಿದ್ದ, 19 ವರ್ಷದ ಈವ್ ಸಾಂ ಲೊರಾಂ. ಆನೆಯ ಚರ್ಮದ ಒರಟುತನದ ಪಕ್ಕದಲ್ಲಿ ಆ ಬಟ್ಟೆ ಹೇಗೆ ಬೆಳಕನ್ನು ಹೀರಿಕೊಳ್ಳುತ್ತಿದೆ, ತೋಳು ಮೇಲೆತ್ತಿದಾಗಲೂ ಸೊಂಟದ ರೇಖೆ ಹೇಗೆ ಕದಲದೆ ನಿಂತಿದೆ ಎಂಬುದನ್ನು ಗಮನಿಸಿ. ಚಿತ್ರ ತೆಗೆದು ಸುಮಾರು 70 ವರ್ಷಗಳಾದರೂ ಇದನ್ನು ನೋಡಿದವರ ಬಾಯಲ್ಲಿ ಹಳೆಯ ಕಾಲದ ಬಟ್ಟೆ ಎಂಬ ಮಾತು ಬಂದದ್ದನ್ನು ನಾನು ಕೇಳಿಲ್ಲ.

ಇಂದಿನ ಮಾತಿನ ವಿಷಯ ಇಲ್ಲಿಂದಲೇ ಹುಟ್ಟುತ್ತದೆ. ಅಂಗಡಿಗಳಿಗೆ ವಾರಕ್ಕೊಮ್ಮೆ ಹೊಸ ಮಾಲು ಬಂದು ಬೀಳುತ್ತಿರುವ ಈ ಕಾಲದಲ್ಲಿ, ಫ್ಯಾಷನ್ ಛಾಯಾಗ್ರಾಹಕರೂ ಚಿತ್ರಕ್ಕೆ ಉಡುಪು ಆರಿಸಿ ಹೊಂದಿಸುವ ಸ್ಟೈಲಿಸ್ಟರೂ ನಲವತ್ತು ಐವತ್ತು ವರ್ಷ ಹಳೆಯ ಡಿಸೈನರ್ ಉಡುಪೊಂದಕ್ಕಾಗಿ ಊರೂರು ಅಲೆಯುವುದೇಕೆ? ಹಳೆಯದರ ಮೇಲಿನ ಮೋಹ, ಕಳೆದ ಕಾಲದ ಹಂಬಲ ಎಂಬ ಉತ್ತರ ಎಲ್ಲರ ನಾಲಿಗೆಯ ತುದಿಯಲ್ಲಿರುತ್ತದೆ. ಇಪ್ಪತ್ತು ವರ್ಷಗಳಿಂದ ಈ ಕೆಲಸದಲ್ಲೇ ಇರುವ ನಾನು ಆ ಉತ್ತರವನ್ನು ಒಪ್ಪುವುದಿಲ್ಲ. ಹಂಬಲ ನೋಡುವವರ ಮನಸ್ಸಿನಲ್ಲಿರುತ್ತದೆ. ಕ್ಯಾಮೆರಾಕ್ಕೆ ಅದು ಕಾಣುವುದಿಲ್ಲ. ಕ್ಯಾಮೆರಾಕ್ಕೆ ಕಾಣುವುದು ಬಟ್ಟೆಯ ನೇಯ್ಗೆ, ಕತ್ತರಿಸಿದ ರೀತಿ, ಒಳಗಿನ ಕೈಹೊಲಿಗೆ ಹೊರಗಿನ ರೇಖೆಯನ್ನು ಹಿಡಿದು ನಿಲ್ಲಿಸಿದ ಬಗೆ, ಮತ್ತು ಅದನ್ನು ತೊಟ್ಟವರ ಮೈ ಬಿಟ್ಟುಹೋದ ಗುರುತು. ಹಳೆಯ ಉತ್ತಮ ಉಡುಪುಗಳ ಆಕರ್ಷಣೆ ಈ ನಾಲ್ಕರಲ್ಲಿದೆ ಎಂಬುದನ್ನು ಉದಾಹರಣೆಗಳ ಮೂಲಕ ನಿಮ್ಮ ಮುಂದಿಡಲು ಬಂದಿದ್ದೇನೆ.

ಇಂಥ ಉಡುಪಿಗೆ ಬಳಸುವ ವಿಂಟೇಜ್ ಎಂಬ ಪದದ ಬಗ್ಗೆ ಎರಡು ಮಾತು. ಅದು ದ್ರಾಕ್ಷಿ ಬೆಳೆಗಾರರ ಪದ. ಇಂಥ ವರ್ಷದ ಕೊಯ್ಲಿನ ದ್ರಾಕ್ಷಿಯಿಂದ ಮಾಡಿದ ಮದ್ಯ ಎಂಬ ಅರ್ಥದಲ್ಲಿ ಬಳಕೆಗೆ ಬಂದದ್ದು. ಹೂಮಳೆ ಸಕಾಲಕ್ಕೆ ಬಿದ್ದ ವರ್ಷದ ಕಾಫಿಗೂ ತಡವಾಗಿ ಬಿದ್ದ ವರ್ಷದ ಕಾಫಿಗೂ ಇರುವ ವ್ಯತ್ಯಾಸವನ್ನು ಬಲ್ಲ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆಯ ವ್ಯಾಪಾರದಲ್ಲಿ ಸುಮಾರು 20 ವರ್ಷ ಮೀರಿದ್ದನ್ನು ವಿಂಟೇಜ್ ಎಂದೂ 100 ವರ್ಷ ಮೀರಿದ್ದನ್ನು ಪುರಾತನ ವಸ್ತು ಎಂದೂ ಕರೆಯುವುದು ರೂಢಿ. ವಯಸ್ಸೊಂದೇ ಸಾಲದು, ಅದು ಯಾವ ವರ್ಷದ್ದು, ಯಾರ ಕೈಯದು ಎಂದು ಗುರುತಿಸಲು ಬರಬೇಕು.

ಯಾರ ಕೈಯದು ಎಂಬ ಈ ಪ್ರಶ್ನೆಗೆ ಲೇಬಲ್ಲಿನ ಮೂಲಕ ಉತ್ತರ ಕೊಟ್ಟವರಲ್ಲಿ ಮೊದಲಿಗರು 1858ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದ ಚಾರ್ಲ್ಸ್ ಫ್ರೆಡೆರಿಕ್ ವರ್ತ್. ಅದುವರೆಗೆ ಹೊಲಿಯುವವರು ಹೆಸರಿಲ್ಲದೆ ಹಿಂದೆ ನಿಲ್ಲುತ್ತಿದ್ದರು. ಚಿತ್ರಕಾರರು ಸಹಿ ಹಾಕುವಂತೆ ವರ್ತ್ ತಮ್ಮ ಉಡುಪಿನ ಒಳಗೆ ಹೆಸರನ್ನು ಹೊಲಿಸಿದರು. ಇಲ್ಲಿ ನಮ್ಮ ಜಿಲ್ಲೆಗೆ ಸೇರಿದ ಒಂದು ಸಂಗತಿ ನೆನಪಾಗುತ್ತದೆ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನಿಗೆ 1852ರಲ್ಲಿ ಇಂಗ್ಲೆಂಡಿನಲ್ಲಿ, ವಿಕ್ಟೋರಿಯಾ ರಾಣಿಯ ಆಶ್ರಯದಲ್ಲಿ, ಕ್ರೈಸ್ತ ದೀಕ್ಷೆಯಾಯಿತು. ರಾಣಿ ಆ ಬಾಲಕಿಯ ಚಿತ್ರವನ್ನು ಫ್ರಾನ್ಸ್ ಕ್ಸೇವರ್ ವಿಂಟರ್‌ಹಾಲ್ಟರ್ ಎಂಬ ಚಿತ್ರಕಾರರಿಂದ ಬರೆಸಿದರು. ಅದೇ ವಿಂಟರ್‌ಹಾಲ್ಟರ್ 1865ರಲ್ಲಿ ಆಸ್ಟ್ರಿಯಾದ ಸಾಮ್ರಾಜ್ಞಿ ಎಲಿಜಬೆತ್ ಅವರನ್ನು ನಕ್ಷತ್ರಗಳು ಮಿನುಗುವ ಬಿಳಿಯ ಉಡುಪಿನಲ್ಲಿ ಚಿತ್ರಿಸಿದರು; ಆ ಉಡುಪು ವರ್ತ್ ಅವರದೆಂದು ಪ್ರಸಿದ್ಧಿ ಪಡೆದಿದೆ. ಫ್ಯಾಷನ್ ಛಾಯಾಗ್ರಹಣ ಹುಟ್ಟುವ ಮೊದಲು ಉಡುಪಿನ ಕೀರ್ತಿಯನ್ನು ದೇಶಾಂತರಕ್ಕೆ ಒಯ್ಯುತ್ತಿದ್ದವರು ಇಂಥ ಚಿತ್ರಕಾರರು. ಅವರಲ್ಲಿ ಅಗ್ರಗಣ್ಯರೊಬ್ಬರ ಕುಂಚದ ಮುಂದೆ ಕೊಡಗಿನ ಹುಡುಗಿಯೊಬ್ಬಳು ಕುಳಿತಿದ್ದಳು ಎಂಬುದನ್ನು ನೆನೆದಾಗಲೆಲ್ಲ, ದೂರವೆಂದು ನಾವು ಭಾವಿಸಿರುವ ಆ ಇತಿಹಾಸ ನನಗೆ ಹತ್ತಿರವಾಗುತ್ತದೆ.

ಈಗ ಕತ್ತರಿಯ ವಿಷಯಕ್ಕೆ ಬರೋಣ. ನಮ್ಮ ಊರುಗಳ ಟೈಲರ್ ಅಂಗಡಿಯಲ್ಲಿ ಹೆಂಗಸರು ರವಿಕೆ ಹೊಲಿಯಲು ಕೊಡುವಾಗ ‘ಕ್ರಾಸ್ ಕಟಿಂಗ್ ಮಾಡಿ’ ಎಂದು ಹೇಳುವುದನ್ನು ನೀವು ಕೇಳಿರುತ್ತೀರಿ. ಬಟ್ಟೆಯನ್ನು ಹಾಸಿನ ನೇರಕ್ಕಾಗಲಿ ಹೊಕ್ಕಿನ ನೇರಕ್ಕಾಗಲಿ ಕತ್ತರಿಸದೆ ಓರೆಯಾಗಿ ಕತ್ತರಿಸಿದರೆ, ಹಿಗ್ಗದ ಬಟ್ಟೆಯೂ ಮೈಗೆ ತಕ್ಕಂತೆ ಹಿಗ್ಗುತ್ತದೆ ಎಂಬುದು ಆ ಮಾತಿನ ಹಿಂದಿರುವ ತಿಳಿವಳಿಕೆ. ಈ ಗುಣವನ್ನು ಇಡೀ ಉಡುಪಿಗೆ ವಿಸ್ತರಿಸಿ, ಅದರಿಂದ ಒಂದು ಕಲೆಯನ್ನೇ ಕಟ್ಟಿದವರು ಫ್ರಾನ್ಸಿನ ಮೆಡೆಲೀನ್ ವಿಯೊನೆ. ಅವರು ಕಾಗದದ ಮೇಲೆ ಚಿತ್ರ ಬರೆಯುವುದಕ್ಕೆ ಬದಲಾಗಿ ಮರದ ಚಿಕ್ಕ ಬೊಂಬೆಯ ಮೇಲೆ ಬಟ್ಟೆಯನ್ನು ಇಳಿಬಿಟ್ಟು, ಅದು ತಾನಾಗಿ ಎತ್ತ ಬೀಳುತ್ತದೆ ಎಂಬುದನ್ನು ನೋಡಿ ಕತ್ತರಿ ಹಾಕುತ್ತಿದ್ದರು. ನಕಲು ಮಾಡುವವರ ಕಾಟ ತಡೆಯಲು ತಮ್ಮ ಲೇಬಲ್ಲಿನ ಮೇಲೆ ಹೆಬ್ಬೆಟ್ಟಿನ ಗುರುತನ್ನು ಒತ್ತುತ್ತಿದ್ದರು. 1920 ಮತ್ತು 30ರ ದಶಕಗಳ ಅವರ ಉಡುಪನ್ನು ಕಬ್ಬಿಣದ ಹ್ಯಾಂಗರಿಗೆ ತೂಗುಹಾಕಿದರೆ ಒದ್ದೆಯ ಟವೆಲ್ಲಿನಂತೆ ಜೋತುಬೀಳುತ್ತದೆ, ನೋಡಿದವರು ಇದರಲ್ಲೇನಿದೆ ಎಂದಾರು. ಮೈ ಒಳಗೆ ಬಂದಾಗ ಮಾತ್ರ ಅದಕ್ಕೆ ಆಕಾರ ಬರುತ್ತದೆ. ರೂಪದರ್ಶಿ ಒಂದು ಹೆಜ್ಜೆ ಇಟ್ಟರೆ ಬಟ್ಟೆ ಅರ್ಧ ಕ್ಷಣ ತಡವಾಗಿ ಹಿಂಬಾಲಿಸುತ್ತದೆ; ಆ ಅರ್ಧ ಕ್ಷಣದಲ್ಲಿ ಶಟರ್ ಒತ್ತಿದ ಛಾಯಾಗ್ರಾಹಕರಿಗೆ ಸಿಗುವ ರೇಖೆ ಬೇರೆ ಯಾವ ಉಡುಪಿನಿಂದಲೂ ಸಿಗುವುದಿಲ್ಲ.

ಇನ್ನೊಂದು ಉದಾಹರಣೆ ವೆನಿಸ್ಸಿನ ಮರಿಯಾನೊ ಫಾರ್ಚುನಿ 1907ರ ಸುಮಾರಿಗೆ ರೂಪಿಸಿದ ಡೆಲ್ಫೋಸ್ ಎಂಬ ಉಡುಪು. ಅದು ತೆಳುವಾದ ರೇಷ್ಮೆಯಲ್ಲಿ ತುಂಬ ಸಣ್ಣ ನೆರಿಗೆಗಳನ್ನು ಹಿಡಿದು ಮಾಡಿದ್ದು. ಬದಿಯ ಹೊಲಿಗೆಗುಂಟ ಪೋಣಿಸಿದ ಮುರಾನೊ ಗಾಜಿನ ಮಣಿಗಳ ಭಾರಕ್ಕೆ ನೇರವಾಗಿ ಕೆಳಗಿಳಿಯುತ್ತದೆ. ಅದನ್ನು ಮಡಿಸಿ ಇಡುವಂತಿಲ್ಲ. ನೂಲಿನ ಲಡಿಯಂತೆ ತಿರುಚಿ ದುಂಡನೆಯ ಪೆಟ್ಟಿಗೆಯೊಳಗೆ ಇಡುತ್ತಿದ್ದರು. ನೆರಿಗೆಗೂ ಬೆಳಕಿಗೂ ಇರುವ ನಂಟು ನಮಗೆ ಹೊಸದೇನಲ್ಲ. ಕೊಡವ ಸೀರೆಯ ನೆರಿಗೆ ಬೆನ್ನ ಕಡೆಗಿರುವುದಕ್ಕೆ, ಅಗಸ್ತ್ಯರನ್ನು ಬಿಟ್ಟು ಹರಿದ ಕಾವೇರಿಯನ್ನು ಬಲಮುರಿಯಲ್ಲಿ ಹೆಂಗಸರು ತಡೆಯಲು ನಿಂತಾಗ ನೀರಿನ ರಭಸಕ್ಕೆ ನೆರಿಗೆ ಹಿಂದಕ್ಕೆ ಸರಿಯಿತು ಎಂಬ ಕಥೆಯನ್ನು ನೀವೆಲ್ಲ ಬಲ್ಲಿರಿ. ಆ ಉಡುಗೆಯ ಚಿತ್ರ ತೆಗೆಯುವ ಬಹುಪಾಲು ಛಾಯಾಗ್ರಾಹಕರು ಮುಂದಿನಿಂದಲೇ ತೆಗೆಯುತ್ತಾರೆ. ಆ ಉಡುಗೆಯ ಸೊಗಸು ಇರುವುದು ಬೆನ್ನಿನ ನೆರಿಗೆಯಲ್ಲಿ, ಬದಿಯಿಂದ ಬಿದ್ದ ಬೆಳಕು ಒಂದೊಂದು ನೆರಿಗೆಗೂ ಒಂದೊಂದು ನೆರಳನ್ನು ಕೊಟ್ಟಾಗ. ಉಡುಪನ್ನು ಮೊದಲು ಸುತ್ತ ನಡೆದು ನೋಡಬೇಕು, ಅದರ ಮುಖ ಯಾವ ಕಡೆಗಿದೆ ಎಂದು ತಿಳಿದ ಮೇಲೆ ಕ್ಯಾಮೆರಾ ನಿಲ್ಲಿಸಬೇಕು ಎಂದು ನಾನು ನನ್ನ ಸಹಾಯಕರಿಗೆ ಪದೇಪದೇ ಹೇಳುತ್ತೇನೆ.

ಬಟ್ಟೆಯೂ ಬೆಳಕೂ ಸಂಧಿಸುವ ಬಗ್ಗೆ ಕ್ಯಾಮೆರಾ ಹಿಡಿಯುವವರಿಗೆ ಉಪಯುಕ್ತವಾದ ಒಂದೆರಡು ಸಂಗತಿ ಹೇಳಬೇಕು. ವೆಲ್ವೆಟ್ಟಿನ ರೋಮ ಕೆಳಮುಖವಾಗಿದ್ದರೆ ಬಣ್ಣ ತಿಳಿಯಾಗಿ ಹೊಳೆಯುತ್ತದೆ, ಮೇಲ್ಮುಖವಾಗಿದ್ದರೆ ಗಾಢವಾಗಿ ಕಾಣುತ್ತದೆ. ಹಳೆಯ ನುರಿತ ಟೈಲರುಗಳು ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಕತ್ತರಿಸುತ್ತಿದ್ದುದು ಈ ಕಾರಣಕ್ಕೆ. ಉಣ್ಣೆಯ ಕ್ರೇಪ್ ಬೆಳಕನ್ನು ನುಂಗುತ್ತದೆ, ಸ್ಯಾಟಿನ್ ಅದನ್ನು ಹಿಂದಕ್ಕೆಸೆಯುತ್ತದೆ. ಕಪ್ಪು ಉಡುಪನ್ನು ಕ್ಯಾಮೆರಾದ ಅಳತೆಗೇ ಬಿಟ್ಟುಕೊಟ್ಟರೆ ಅದು ಕಪ್ಪನ್ನು ಬೂದುಬಣ್ಣವಾಗಿಸಲು ನೋಡುತ್ತದೆ, ಆದ್ದರಿಂದ ಬೆಳಕನ್ನು ನಾವೇ ಒಂದು ಹಂತ ತಗ್ಗಿಸಬೇಕಾಗುತ್ತದೆ. ಜಡಿಮಳೆಯ ಕಕ್ಕಡ ತಿಂಗಳಿನಲ್ಲಿ, ಹಗಲು ಹನ್ನೆರಡಕ್ಕೂ ದೀಪ ಹಚ್ಚಬೇಕಾದ ಆ ದಿನಗಳಲ್ಲಿ, ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಹಿರಿಮನೆಯ, ಜಗಲಿಗೆ ಬರುವ ಬೆಳಕಿಗಿಂತ ಒಳ್ಳೆಯ ಬೆಳಕನ್ನು ನಾನು ಯಾವ ಸ್ಟುಡಿಯೋದಲ್ಲೂ ಕಂಡಿಲ್ಲ. ಮೋಡ ಇಡೀ ಆಕಾಶವನ್ನೇ ಬಿಳಿಯ ಪರದೆಯಾಗಿಸಿರುತ್ತದೆ, ಜಗಲಿಯ ಮಾಡು ಮೇಲಿನ ಬೆಳಕನ್ನು ತಡೆದು ಬದಿಯಿಂದ ಮಾತ್ರ ಒಳಗೆ ಬಿಡುತ್ತದೆ. ನೇಯ್ಗೆಯ ಎಳೆ ಎಳೆಯೂ ಎದ್ದು ಕಾಣುವುದು ಅಂಥ ಬೆಳಕಿನಲ್ಲೇ.

ಮೇಜಿನ ಮೇಲಿರುವ ಈ ಕಪ್ಪು ಜಾಕೆಟ್ಟನ್ನು ನಿಮಗೆ ತೋರಿಸಲೆಂದೇ ತಂದಿದ್ದೇನೆ. ಬೆಂಗಳೂರಿನ ಕುಟುಂಬವೊಂದರಿಂದ ಕೊಂಡದ್ದು. ಕುತ್ತಿಗೆಯ ಒಳಭಾಗದಲ್ಲಿ ಲೇಬಲ್ ಇದ್ದ ಜಾಗದಲ್ಲಿ ನಾಲ್ಕು ಮೂಲೆಯ ಹೊಲಿಗೆಯ ತೂತು ಮಾತ್ರ ಉಳಿದಿದೆ. ಆದ್ದರಿಂದ ಇದು ಇಂಥವರದೆಂದು ನಾನು ಹೆಸರು ಹೇಳುವುದಿಲ್ಲ. 1950ರ ದಶಕದ ಪ್ಯಾರಿಸ್ ಮಾದರಿಯ ಕೆಲಸ ಎಂದು ಹೇಳಲು ಅದರ ಒಳಮೈ ಸಾಕು. ಕಾಲರನ್ನು ಎತ್ತಿ ನೋಡಿ, ಕೆಳಗಿನ ಗಟ್ಟಿ ಬಟ್ಟೆಗೂ ಮೇಲಿನ ಉಣ್ಣೆಗೂ ನಡುವೆ ಸಾಸಿವೆಯಷ್ಟು ಸಣ್ಣ ಕೈಹೊಲಿಗೆಗಳು ಸಾಲಾಗಿ ಓಡಿವೆ. ಕಾಲರು ತಾನಾಗಿ ಹೊರಳಿ ಕುಳಿತುಕೊಳ್ಳುವುದು ಅವುಗಳ ಬಲದಿಂದ. ಗುಂಡಿಗಳಿಗೆ ಅದೇ ಬಟ್ಟೆಯನ್ನು ಹೊದಿಸಿದ್ದಾರೆ, ಕಾಜಗಳನ್ನು ಕೈಯಲ್ಲೇ ಕಟ್ಟಿದ್ದಾರೆ. ಬದಿಯ ಹೊಲಿಗೆಯಲ್ಲಿ ಎರಡು ಬೆರಳಿನಷ್ಟು ಬಟ್ಟೆಯನ್ನು ಒಳಗೆ ಬಿಟ್ಟಿದ್ದಾರೆ. ಮಗಳು ಬೆಳೆಯುತ್ತಾಳೆ, ಒಳಗೆ ಬಟ್ಟೆ ಬಿಟ್ಟು ಹೊಲಿಯಿರಿ ಎಂದು ನಮ್ಮ ತಾಯಂದಿರು ಹೇಳುವುದೂ ಇದೇ ವಿವೇಕವೇ. ಕೆಳ ಅಂಚನ್ನು ಬೆರಳಿನಿಂದ ಮುಟ್ಟಿದರೆ ಒಳಗೆ ಚಪ್ಪಟೆಯಾದ ಲೋಹದ ಬಿಲ್ಲೆಗಳು ಸಿಗುತ್ತವೆ, ಜಾಕೆಟ್ ನೇರವಾಗಿ ಇಳಿಯಲೆಂದು ಹಾಕಿದ ಭಾರ. ಇದೇ ಉದ್ದೇಶಕ್ಕೆ ಶನೆಲ್ ಸಂಸ್ಥೆಯ ಜಾಕೆಟ್ಟುಗಳ ಅಂಚಿನೊಳಗೆ ಸಣ್ಣ ಸರಪಳಿಯೊಂದನ್ನು ಹೊಲಿಯುತ್ತಾರೆ. ಬಲಗೈ ಮೊಣಕೈಯ ಬಳಿ ಉಣ್ಣೆ ಸ್ವಲ್ಪ ಸವೆದು ಹೊಳೆಯುತ್ತಿದೆ, ಎಡಗೈಯಲ್ಲಿ ಹಾಗಿಲ್ಲ. ಇದನ್ನು ತೊಟ್ಟಿದ್ದವರು ಬಲಗೈಯನ್ನು ಮೇಜಿಗೂರಿ ಕೂರುತ್ತಿದ್ದರೆಂದು ನಾನು ಊಹಿಸುತ್ತೇನೆ. ಅವರು ಯಾರೋ ನನಗೆ ಗೊತ್ತಿಲ್ಲ, ಆದರೆ ರೂಪದರ್ಶಿಯನ್ನು ಕೂರಿಸುವಾಗ ನಾನು ಅದೇ ಭಂಗಿಯನ್ನು ಸೂಚಿಸಿದೆ, ಜಾಕೆಟ್ ಕೂಡಲೇ ತನ್ನ ಜಾಗಕ್ಕೆ ಬಂದು ಕುಳಿತಿತು.

ಇಂಥ ಉಡುಪಿನೊಳಗೆ ಇಂದಿನ ಹುಡುಗಿಯರ ಮೈ ಸುಲಭವಾಗಿ ಹಿಡಿಸುವುದಿಲ್ಲ. ಅಂದಿನ ತೋಳಿನ ಸುತ್ತು ಕಂಕುಳಿಗೆ ತುಂಬ ಹತ್ತಿರವಾಗಿರುತ್ತದೆ, ಸೊಂಟ ಸಣ್ಣದಾಗಿರುತ್ತದೆ, ಲೇಬಲ್ಲಿನ ಮೇಲಿರುವ ಅಳತೆಯ ಅಂಕಿ ಇಂದಿನ ಅಂಕಿಗೆ ತಾಳೆಯಾಗುವುದಿಲ್ಲ. ತೋಳಿನ ಸುತ್ತು ಮೇಲಿರುವುದರಿಂದಲೇ ಕೈ ಎತ್ತಿದರೂ ಜಾಕೆಟ್ ಮೇಲೇಳುವುದಿಲ್ಲ. ಡೊವಿಮಾ ಅವರ ಚಿತ್ರದಲ್ಲಿ ಸೊಂಟದ ರೇಖೆ ಕದಲದಿರುವುದನ್ನು ಆಗ ತೋರಿಸಿದೆನಲ್ಲ, ಅಲ್ಲಿಯೂ ಇಂಥ ಕತ್ತರಿಯ ಪಾಲು ದೊಡ್ಡದು. ಅದನ್ನು ತೊಟ್ಟವರು ಬೆನ್ನು ನೇರ ಮಾಡಿ ನಿಲ್ಲಲೇಬೇಕಾಗುತ್ತದೆ. ಹೇಗೆ ನಿಲ್ಲಬೇಕೆಂದು ನಾನು ಹೇಳಿಕೊಡುವ ಮೊದಲೇ ಉಡುಪು ಹೇಳಿಕೊಟ್ಟಿರುತ್ತದೆ.

ಚಿತ್ರ ಮತ್ತು ಉಡುಪು ಒಂದನ್ನೊಂದು ಬೆಳೆಸುವ ಬಗೆಯನ್ನೂ ಗಮನಿಸಬೇಕು. ಡಿಯೋರ್ 1947ರ ಫೆಬ್ರವರಿ 12ರಂದು ತಮ್ಮ ಮೊದಲ ಸಂಗ್ರಹವನ್ನು ತೋರಿಸಿದರು. ಯುದ್ಧಕಾಲದ ಬಟ್ಟೆಯ ಅಭಾವವನ್ನು ಕಂಡಿದ್ದ ಯುರೋಪಿಗೆ ಬಿಗಿ ಸೊಂಟದ ಬಿಳಿಯ ಜಾಕೆಟ್ಟೂ ಗಜಗಟ್ಟಲೆ ಬಟ್ಟೆ ಬಳಸಿದ ಕಪ್ಪು ಲಂಗವೂ ಇದ್ದ ‘ಬಾರ್’ ಉಡುಪು ಬೆರಗನ್ನೂ ಸಿಟ್ಟನ್ನೂ ಒಟ್ಟಿಗೆ ತಂದಿತು. ಆ ಉಡುಪು ಎಂದೊಡನೆ ಎಲ್ಲರ ಕಣ್ಣ ಮುಂದೆ ಬರುವುದು ಸೇನ್ ನದಿಯ ದಂಡೆಯಲ್ಲಿ ವಿಲ್ಲಿ ಮೇವಾಲ್ಡ್ ತೆಗೆದ ಚಿತ್ರ. ಆ ಚಿತ್ರ 1947ರದ್ದೆಂದೇ ಬಹಳ ಮಂದಿ ತಿಳಿದಿದ್ದಾರೆ. ನಿಜದಲ್ಲಿ ಹಲವು ವರ್ಷ ಕಳೆದ ಮೇಲೆ, 1950ರ ದಶಕದಲ್ಲಿ, ಅದೇ ವಿನ್ಯಾಸವನ್ನು ಮತ್ತೆ ತೊಡಿಸಿ ತೆಗೆದದ್ದು. ಸಾಂ ಲೊರಾಂ ಹೆಂಗಸರಿಗಾಗಿ ಗಂಡಸರ ಸಂಜೆಯ ಸೂಟನ್ನು ರೂಪಿಸಿದ್ದು 1966ರಲ್ಲಿ; ಅದು ಲೋಕದ ಕಣ್ಣಲ್ಲಿ ನೆಟ್ಟು ನಿಂತದ್ದು 1975ರಲ್ಲಿ ಹೆಲ್ಮುಟ್ ನ್ಯೂಟನ್ ಪ್ಯಾರಿಸ್ಸಿನ ರಾತ್ರಿಯ ಬೀದಿದೀಪದ ಕೆಳಗೆ ತೆಗೆದ ಚಿತ್ರದಿಂದ. ಹಳೆಯ ಉಡುಪನ್ನು ಹುಡುಕಿ ಹೊರಡುವ ಸ್ಟೈಲಿಸ್ಟರು ಬಹಳ ಸಲ ಇಂಥ ಹಳೆಯ ಚಿತ್ರವನ್ನೂ ಮನಸ್ಸಿನಲ್ಲಿ ಹೊತ್ತು ಹೊರಟಿರುತ್ತಾರೆ.

ಹಾಗೆ ಹೊತ್ತು ಹೊರಟಾಗ ಎದುರಾಗುವ ಅಪಾಯವೆಂದರೆ ಚಿತ್ರವು ನಾಟಕದ ವೇಷವಾಗಿಬಿಡುವುದು. 50ರ ದಶಕದ ಉಡುಪಿಗೆ 50ರ ದಶಕದ ಕೇಶಶೈಲಿ, ಅದೇ ಕಾಲದ ಕೈಚೀಲ, ಹಿಂದೆ ಅದೇ ಕಾಲದ ಕಾರು, ಇಷ್ಟನ್ನೂ ಹೊಂದಿಸಿ ನಿಲ್ಲಿಸಿದರೆ ನೋಡುವವರಿಗೆ ಉಡುಪು ಕಾಣುವುದಿಲ್ಲ, ಹೊಂದಾಣಿಕೆ ಮಾತ್ರ ಕಾಣುತ್ತದೆ. ನನ್ನ ಪದ್ಧತಿ ಸರಳವಾದದ್ದು. ಹಳೆಯದು ಒಂದಿರಲಿ, ಉಳಿದದ್ದು ಇಂದಿನದಾಗಿರಲಿ, ಮುಖಕ್ಕೆ ಬಣ್ಣ ಆದಷ್ಟು ಕಡಿಮೆ ಇರಲಿ. 1980ರ ದಶಕದಲ್ಲಿ ಲಂಡನ್ನಿನ ರೇ ಪೆಟ್ರಿ ಎಂಬ ಸ್ಟೈಲಿಸ್ಟರು ಸೈನ್ಯದ ಜಾಕೆಟ್ಟನ್ನೂ ಕ್ರೀಡಾಳುಗಳ ಉಡುಪನ್ನೂ ಡಿಸೈನರ್ ಬಟ್ಟೆಯನ್ನೂ ಒಂದೇ ಮೈಮೇಲೆ ಸೇರಿಸಿ ಈ ದಾರಿಯನ್ನು ತೆರೆದರು. 1988ರ ನವೆಂಬರಿನಲ್ಲಿ ಅಮೆರಿಕದ ವೋಗ್ ಪತ್ರಿಕೆಯ ಸಂಪಾದಕರಾಗಿ ಆನಾ ವಿಂಟರ್ ತಂದ ಮೊದಲ ಮುಖಪುಟದಲ್ಲಿ ಕ್ರಿಶ್ಚಿಯನ್ ಲಕ್ರುವಾ ಅವರ ಬಲು ದುಬಾರಿ ಜಾಕೆಟ್ಟಿನ ಕೆಳಗೆ ಸಾಧಾರಣ ಬೆಲೆಯ ಜೀನ್ಸ್ ಇತ್ತು. ಜಾಕೆಟ್ಟಿನ ಜೊತೆಗಿದ್ದ ಲಂಗ ರೂಪದರ್ಶಿಗೆ ಹಿಡಿಸದೆ ಹೋದದ್ದರಿಂದ ಹಾಗಾಯಿತಂತೆ. ಆ ಜಾಕೆಟ್ ಅಂದು ಹೊಸದೇ, ಆದರೆ ಬೆರಸುವ ಧೈರ್ಯವನ್ನು ಅದು ಇಡೀ ವೃತ್ತಿಗೆ ಕಲಿಸಿತು.

ಹಳೆಯದನ್ನು ಇಂದಿನದಾಗಿಸುವುದು ಎಂದೂ ಸಲೀಸಾಗಿ ಒಪ್ಪಿಗೆ ಪಡೆದ ಕೆಲಸವಲ್ಲ. ಚಿತ್ರಕಾರ ಪಿಕಾಸೊ ಅವರ ಮಗಳು ಪಲೋಮಾ ಪಿಕಾಸೊ ಸಂತೆಯಲ್ಲಿ ಕೊಂಡ 1940ರ ದಶಕದ ಉಡುಪುಗಳನ್ನು ತೊಡುತ್ತಿದ್ದುದನ್ನು ಕಂಡು ಸಾಂ ಲೊರಾಂ 1971ರ ಜನವರಿಯಲ್ಲಿ ಒಂದು ಸಂಗ್ರಹವನ್ನು ತೋರಿಸಿದರು. ಜರ್ಮನ್ ಆಕ್ರಮಣದ ಕಾಲವನ್ನು ನೆನಪಿಸುತ್ತದೆ ಎಂದು ಪತ್ರಿಕೆಗಳು ಅದನ್ನು ಹಿಗ್ಗಾಮುಗ್ಗಾ ಜರೆದವು. ಆ ಭುಜ, ಆ ಚಿಕ್ಕ ತುಪ್ಪುಳಿನ ಕೋಟು ಕೆಲವೇ ತಿಂಗಳಲ್ಲಿ ಬೀದಿಗಿಳಿದವು. 2001ರ ಆಸ್ಕರ್ ಸಮಾರಂಭಕ್ಕೆ ಜೂಲಿಯಾ ರಾಬರ್ಟ್ಸ್ 1992ರ ವ್ಯಾಲೆಂಟಿನೊ ಉಡುಪನ್ನೂ ರೆನೆ ಝೆಲ್ವೆಗರ್ 1950ರ ದಶಕದ ಜ್ಯಾಂ ದೆಸೆ ಅವರ ಹಳದಿ ಉಡುಪನ್ನೂ ತೊಟ್ಟು ಬಂದ ಮೇಲೆ ಸಮಾರಂಭದ ಕೆಂಪುಹಾಸಿನ ಮೇಲೂ ಹಳೆಯದಕ್ಕೆ ಮರ್ಯಾದೆ ಬಂತು. 2024ರ ಫೆಬ್ರವರಿಯಲ್ಲಿ ನಟಿ ಝೆಂಡಾಯಾ ಲಂಡನ್ನಿನಲ್ಲಿ ತೊಟ್ಟ, ಲೋಹದ ಯಂತ್ರಮಾನವನಂತೆ ಕಾಣುವ ತಿಯೆರಿ ಮ್ಯುಗ್ಲೆರ್ ಅವರ 1995ರ ಉಡುಪನ್ನು ನಿಮ್ಮಲ್ಲಿ ಬಹುಮಂದಿ ಫೋನಿನಲ್ಲೇ ನೋಡಿರುತ್ತೀರಿ. ಅದು ಸುಮಾರು 30 ವರ್ಷ ಹಳೆಯದೆಂದು ಎಷ್ಟು ಮಂದಿಗೆ ಅನ್ನಿಸಿತು?

ಈಗ ನನ್ನ ಕೈಯಿಂದಲೇ ಆದ ಒಂದು ನಷ್ಟವನ್ನು ಹೇಳಬೇಕಾಗಿದೆ. ಇದನ್ನು ಹೇಳದೆ ಹಳೆಯ ಉಡುಪಿನ ಬಗ್ಗೆ ಮಾತಾಡುವ ಹಕ್ಕು ನನಗಿಲ್ಲ. ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳಲ್ಲಿ, ಸಂಗ್ರಹಕಾರರೊಬ್ಬರು ನನ್ನ ಮೇಲಿನ ನಂಬಿಕೆಯಿಂದ 1930ರ ದಶಕದ ಸಂಜೆಯ ಜಾಕೆಟ್ಟೊಂದನ್ನು ಎರವಲು ಕೊಟ್ಟರು. ಮೈತುಂಬ ಮಿಣಿಮಿಣಿಯ ಬಿಲ್ಲೆಗಳನ್ನು ಕೂರಿಸಿದ್ದ ಕಪ್ಪು ಜಾಕೆಟ್. ತೋಟದ ಮನೆಯೊಂದರಲ್ಲಿ ಚಿತ್ರೀಕರಣ. ಹೊರಗೆ ಮೂರು ದಿನದಿಂದ ಬಿಡದ ಮಳೆ, ಗೋಡೆಗಳೂ ಬೆವರುವಷ್ಟು ತೇವ. ಒಳಗೆ ನಾವು ಬಿಸಿ ಸೂಸುವ ಹಳೆಯ ಬಲ್ಬಿನ ದೀಪಗಳನ್ನು ಹತ್ತಿರಕ್ಕೆ ತಂದು ನಿಲ್ಲಿಸಿದ್ದೆವು. ಒಂದು ಗಂಟೆಯ ನಂತರ ಭುಜದ ಮೇಲಿನ ಬಿಲ್ಲೆಗಳ ಹೊಳಪು ಮಂಕಾಗಿರುವುದನ್ನು ನನ್ನ ಸಹಾಯಕಿ ತೋರಿಸಿದಳು. ಮುಟ್ಟಿ ನೋಡಿದರೆ ಬೆರಳಿಗೆ ಅಂಟಿತು. ಅಂಚುಗಳು ಒಣಗಿದ ಎಲೆಯಂತೆ ಸುರುಟಿಕೊಂಡಿದ್ದವು, ಕೆಲವು ಒಂದಕ್ಕೊಂದು ಅಂಟಿ ಗಂಟಾಗಿದ್ದವು. ಆ ಕಾಲದಲ್ಲಿ ಇಂಥ ಬಿಲ್ಲೆಗಳನ್ನು ಜೆಲಾಟಿನ್‌ನಿಂದ ಮಾಡುತ್ತಿದ್ದರೆಂಬುದು, ಶಾಖವೂ ತೇವವೂ ಸೇರಿದರೆ ಅವು ಕರಗುತ್ತವೆಂಬುದು ನನಗೆ ತಿಳಿದಿರಬೇಕಿತ್ತು. ತಿಳಿದಿರಲಿಲ್ಲ. 80 ವರ್ಷ ಉಳಿದಿದ್ದ ವಸ್ತು ಒಂದು ಮಧ್ಯಾಹ್ನದಲ್ಲಿ ನನ್ನ ಅಜ್ಞಾನಕ್ಕೆ ಬಲಿಯಾಯಿತು. ಜಾಕೆಟ್ಟನ್ನು ಹಿಂದಿರುಗಿಸಲು ಹೋದಾಗ ಅವರು ಬೈಯಲಿಲ್ಲ. ಭುಜದ ಭಾಗವನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತರು. ಆ ಚಿತ್ರಗಳು ಚೆನ್ನಾಗಿಯೇ ಬಂದಿದ್ದವು, ಆದರೆ ನಾನು ಅವನ್ನು ಯಾವ ಪತ್ರಿಕೆಗೂ ಕೊಡಲಿಲ್ಲ.

2022ರಲ್ಲಿ ಮರ್ಲಿನ್ ಮನ್ರೊ 1962ರಲ್ಲಿ ತೊಟ್ಟಿದ್ದ ಉಡುಪನ್ನು ಕಿಮ್ ಕಾರ್ಡಾಶಿಯನ್ ನ್ಯೂಯಾರ್ಕಿನ ಮೆಟ್ ಗಾಲಾ ಸಮಾರಂಭಕ್ಕೆ ತೊಟ್ಟು ಬಂದಾಗ ಎದ್ದ ವಿವಾದದಲ್ಲಿ ನಾನು ಸಂರಕ್ಷಕರ ಪರ ನಿಂತದ್ದು ಈ ಅನುಭವದಿಂದ. ಅದು 2016ರಲ್ಲಿ 48 ಲಕ್ಷ ಡಾಲರಿಗೆ ಹರಾಜಾಗಿದ್ದ ಉಡುಪು. ಐತಿಹಾಸಿಕ ಉಡುಪುಗಳನ್ನು ಯಾರೂ ತೊಡಬಾರದು ಎಂದು ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯ ಪರಿಣತರು ಆಗ ಸ್ಪಷ್ಟವಾಗಿ ಹೇಳಿದರು. ತೊಡಿಸದೆಯೂ ಚಿತ್ರ ತೆಗೆಯಲು ಬರುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ 1973ರಲ್ಲಿ ಡಯಾನಾ ವ್ರೀಲ್ಯಾಂಡ್ ಅವರು 1909ರಿಂದ 1939ರವರೆಗಿನ ಉಡುಪುಗಳ ಪ್ರದರ್ಶನ ಏರ್ಪಡಿಸಿದಾಗ, ಇರ್ವಿಂಗ್ ಪೆನ್ ಆ ಉಡುಪುಗಳನ್ನು ಬೊಂಬೆಗಳ ಮೇಲಿಟ್ಟೇ ಛಾಯಾಚಿತ್ರ ತೆಗೆದರು. ಜೀವಂತ ಮುಖ ಇಲ್ಲದಿರುವುದರಿಂದಲೇ ಆ ಚಿತ್ರಗಳಲ್ಲಿ ಕತ್ತರಿಯ ಕೆಲಸ ಅಷ್ಟು ನಿಚ್ಚಳವಾಗಿ ಕಾಣುತ್ತದೆ. ನನ್ನ ಮಟ್ಟಿಗೆ, ಹೊಲಿಗೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಎಳೆದಾಗ ಸದ್ದು ಬಂದರೆ ಆ ಉಡುಪು ಇನ್ನು ಯಾರ ಮೈಮೇಲೂ ಏರಬಾರದು.

ಇಷ್ಟೆಲ್ಲ ಪ್ಯಾರಿಸ್ಸಿನ ಮಾತಾಯಿತು, ನಮ್ಮ ಮನೆಯ ಟ್ರಂಕಿನಲ್ಲಿ ಏನಿದೆ ಎಂದು ನೀವು ಕೇಳಬಹುದು. ಭಾರತದ ಡಿಸೈನರ್ ಉಡುಪುಗಳಿಗೂ ಈಗ ವಿಂಟೇಜ್ ವಯಸ್ಸು ಬಂದಿದೆ. ರಿತು ಕುಮಾರ್ 1960ರ ದಶಕದ ಕೊನೆಯಲ್ಲಿ ಕೊಲ್ಕತ್ತಾದಲ್ಲಿ ಕೈಯಚ್ಚಿನ ಬಟ್ಟೆಗಳಿಂದ ಕೆಲಸ ಆರಂಭಿಸಿದರು. 1987ರಲ್ಲಿ ಮುಂಬೈಯಲ್ಲಿ ಆರಂಭವಾದ ಎನ್ಸೆಂಬಲ್ ಮಳಿಗೆ ಹಲವು ಡಿಸೈನರುಗಳನ್ನು ಒಂದೇ ಸೂರಿನಡಿ ತಂದಿತು. 1994ರಲ್ಲಿ ಅಕಾಲದಲ್ಲಿ ತೀರಿಕೊಂಡ ರೋಹಿತ್ ಖೋಸ್ಲಾ ಆ ಪೀಳಿಗೆಯ ಮುಂಚೂಣಿಯಲ್ಲಿದ್ದವರು. ಆ ದಿನಗಳಲ್ಲಿ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಕೆಲಸಕ್ಕಿದ್ದ ನಿಮ್ಮ ಚಿಕ್ಕಮ್ಮನೋ ಸೋದರತ್ತೆಯೋ ಕೊಂಡು ತಂದ ಒಂದು ಕುರ್ತಾ ಇನ್ನೂ ಬೀರುವಿನ ತಳದಲ್ಲಿ ಬಿದ್ದಿರಬಹುದು. ಅದನ್ನು ಬಟ್ಟೆ ಕೇಳಿಕೊಂಡು ಬರುವವರಿಗೆ ಕೊಡುವ ಮೊದಲು ಒಮ್ಮೆ ತಿರುಗಿಸಿ ನೋಡಿ.

ಸೀರೆಗಳ ವಿಷಯದಲ್ಲಿ ನನಗೆ ನಿಜವಾದ ಸಂಕಟವಿದೆ. ಹಳೆಯ ಜರಿ ಸೀರೆಗೆ ಹಣ ಕೊಡುತ್ತೇವೆಂದು ಊರೂರಿಗೆ ಬರುವವರನ್ನು ನೀವು ನೋಡಿದ್ದೀರಿ. ಅಪ್ಪಟ ಜರಿಯೆಂದರೆ ರೇಷ್ಮೆಯ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಚಿನ್ನದ ನೀರು ಹಾಯಿಸಿದ್ದು. ಅವರಿಗೆ ಬೇಕಾದದ್ದು ಆ ಬೆಳ್ಳಿ. ಸೀರೆಯನ್ನು ಸುಟ್ಟು ಅದನ್ನು ತೆಗೆಯುತ್ತಾರೆ. ನನ್ನ ಅಜ್ಜಿಯ ಮದುವೆಯ ಕೆಂಪು ಸೀರೆ ಹೋದದ್ದು ಹಾಗೆಯೇ. ನಾನು ಆಗ ಶಾಲೆಯಲ್ಲಿದ್ದೆ. ಆ ಹಣದಿಂದ ಮನೆಗೆ ಒಂದು ಮಿಕ್ಸಿ ಬಂತು, ಮನೆಮಂದಿ ಸಂತೋಷಪಟ್ಟರು, ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಆದರೆ ಆ ಸೀರೆಯ ಅಂಚಿನ ವಿನ್ಯಾಸ ಏನಿತ್ತು ಎಂದು ಇಂದು ಯಾರಿಗೂ ಹೇಳಲು ಬರುವುದಿಲ್ಲ. ಅಜ್ಜಿ ಅದನ್ನು ಉಟ್ಟು ತೆಗೆಸಿಕೊಂಡ ಒಂದೇ ಒಂದು ಕಪ್ಪುಬಿಳುಪಿನ ಚಿತ್ರದಲ್ಲಿ ಅಂಚಿರುವ ಭಾಗ ಕುರ್ಚಿಯ ಹಿಂದೆ ಮರೆಯಾಗಿದೆ. ಮುತ್ತಜ್ಜನ ಕುಪ್ಯ ಎಂಬ ನಿಲುವಂಗಿ, ಅದರ ಮೇಲೆ ಸೊಂಟಕ್ಕೆ ಕಟ್ಟುವ ಚೇಲೆ, ಅಜ್ಜಿಯ ಉದ್ದ ತೋಳಿನ ರವಿಕೆ ಇಂದಿಗೂ ಇರುವ ಮನೆಯವರು ಈ ಸಭೆಯಲ್ಲಿ ಖಂಡಿತ ಇದ್ದೀರಿ. ಅವುಗಳ ಮೇಲೆ ಯಾವ ಪ್ಯಾರಿಸ್ಸಿನ ಲೇಬಲ್ಲೂ ಇರುವುದಿಲ್ಲ, ಆದರೆ ಚೇಲೆಯ ಅಂಚಿನ ಕಸೂತಿಯ ಮುಂದೆ ಕ್ಯಾಮೆರಾ ಹಿಡಿದಾಗ ನನಗೆ ಆಗುವ ರೋಮಾಂಚನ ವಿಯೊನೆ ಉಡುಪಿನ ಮುಂದೆ ಆಗುವುದಕ್ಕಿಂತ ಕಡಿಮೆಯದಲ್ಲ.

ಇಟ್ಟುಕೊಳ್ಳುವ ಬಗೆಯನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಬೂಷ್ಟು ನಮ್ಮ ಜಿಲ್ಲೆಯ ದೊಡ್ಡ ಶತ್ರು. ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ತೇವ ಒಳಗೇ ಉಳಿಯುತ್ತದೆ. ತೊಳೆದು ಗಂಜಿ ತೆಗೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿಡಿ. ಮಳೆಗಾಲ ಮುಗಿದ ಮೇಲೆ ನೆರಳಿನಲ್ಲಿ ಗಾಳಿಗೆ ಹರಡಿ, ನೇರ ಬಿಸಿಲು ರೇಷ್ಮೆಗೆ ಆಗದು. ಮಡಿಕೆಯ ಗೆರೆಯನ್ನು ಪ್ರತಿ ಸಲವೂ ಬದಲಾಯಿಸಿ, ಇಲ್ಲವಾದರೆ ಅಲ್ಲಿಂದಲೇ ಸೀಳುತ್ತದೆ. ನುಸಿಗುಳಿಗೆ ಜರಿಗೂ ಗುಂಡಿಗೂ ನೇರವಾಗಿ ತಾಗದಿರಲಿ. 19ನೇ ಶತಮಾನದ ಕೊನೆಯಿಂದ ಯುರೋಪಿನ ಕೆಲವು ರೇಷ್ಮೆಗಳಿಗೆ ತೂಕ ಹೆಚ್ಚಿಸಲು ತವರದ ಲವಣ ಹಾಕುತ್ತಿದ್ದರು. ಅಂಥವು ಎಷ್ಟೇ ಜೋಪಾನ ಮಾಡಿದರೂ ಗಾಜಿನಂತೆ ಸೀಳುತ್ತವೆ, ಅವನ್ನು ಮಲಗಿಸಿಯೇ ಇಡಬೇಕು. ವಯಸ್ಸು ತಿಳಿಯಲು ಜಿಪ್ ನೋಡಿ. ಹೊರದೇಶದ ಉಡುಪಿನಲ್ಲಿ ಲೋಹದ ಜಿಪ್ ಪಕ್ಕೆಯಲ್ಲಿದ್ದರೆ ಅದು ಸಾಮಾನ್ಯವಾಗಿ 60ರ ದಶಕಕ್ಕಿಂತ ಹಿಂದಿನದು. ನೈಲಾನ್ ಜಿಪ್ ಬಳಕೆಗೆ ಬಂದದ್ದು ಆನಂತರ. ಒಗೆಯುವ ಸೂಚನೆಯ ಚೀಟಿಯನ್ನು ಅಮೆರಿಕದಲ್ಲಿ ಕಡ್ಡಾಯ ಮಾಡಿದ್ದು 1970ರ ದಶಕದ ಆರಂಭದಲ್ಲಿ, ಆದ್ದರಿಂದ ಅಂಥ ಚೀಟಿಯಿರುವ ಅಮೆರಿಕದ ಉಡುಪನ್ನು 50ರ ದಶಕದ್ದೆಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ನಾನು ತಂದಿರುವ ಜಾಕೆಟ್ ಮೇಜಿನ ಮೇಲೆಯೇ ಇರುತ್ತದೆ. ಮೂಲೆಯ ನಲ್ಲಿಯಲ್ಲಿ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು, ಉಂಗುರ ಬಳೆಗಳನ್ನು ತೆಗೆದಿಟ್ಟು ಒಬ್ಬೊಬ್ಬರಾಗಿ ಬನ್ನಿ. ಕ್ಯಾಮೆರಾ ತಂದಿರುವವರು ಕಿಟಕಿಯ ಬದಿಯ ಬೆಳಕಿನಲ್ಲಿ ಅದರ ಒಳಮೈಯ ಚಿತ್ರ ತೆಗೆಯಿರಿ, ಕಾಲರಿನ ಕೆಳಗಿನ ಆ ಸಣ್ಣ ಹೊಲಿಗೆಗಳಿಂದ ಆರಂಭಿಸಿ. ಇನ್ನು ಅರ್ಧ ಗಂಟೆಯಷ್ಟೇ ಬೆಳಕಿರುತ್ತದೆ, ಮಂಜು ಇಳಿಯತೊಡಗಿದೆ.